ಗಂಡನ ಕಡೆಯವರು ಜಪಾನಿ ಮೂಲ, ಅತ್ತೆ ಹಳೆಯದೇನೂ ಹೇಳುವುದಿಲ್ಲ. ಮಕ್ಕಳಿಗೆ ಏನು ಹೇಳೋಣ?

ಸರಸ್ವತಿಪುರಂ_ಹುಡುಗಿ
ಮಕ್ಕಳಿಗೆ ಕನ್ನಡ ಕಲಿಸುವ ಬಗ್ಗೆ ಇಲ್ಲಿ ಬೇಕಾದಷ್ಟು ಚರ್ಚೆ ಆಗಿದೆ. ನನ್ನ ಸಮಸ್ಯೆ ಸ್ವಲ್ಪ ಬೇರೆ. ಕನ್ನಡವನ್ನು ನಾನು ಹೇಗೋ ಸಂಭಾಳಿಸುತ್ತಿದ್ದೇನೆ. ತೊಡಕಾಗಿರುವುದು ಗಂಡನ ಕಡೆಯ ಜಪಾನ್.

ನಾನು ಮೈಸೂರಿನವಳು, ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ. ಗಂಡ ಹುಟ್ಟಿ ಬೆಳೆದದ್ದು ಇಲ್ಲೇ. ಅವರ ತಾಯಿಯ ತಂದೆ ಜಪಾನಿನ ಕುಮಾಮೊಟೊ ಕಡೆಯಿಂದ ಕೂಲಿಗೆ ಬಂದು ಸ್ಟ್ರಾಬೆರಿ ತೋಟದಲ್ಲಿ ದುಡಿದವರು. ಅತ್ತೆ ಇಲ್ಲೇ ಹುಟ್ಟಿದರು. ಈಗ ತೊಂಬತ್ತರ ಹತ್ತಿರ. 1942ರಲ್ಲಿ ಇಡೀ ಮನೆಯವರನ್ನು ಸರ್ಕಾರ ವಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರಕ್ಕೆ ಕಳಿಸಿತು. ಆಗ ಅವರಿಗೆ ಆರು ವರ್ಷ.

ಅಡುಗೆ ಬಗ್ಗೆ ಕೇಳಿದರೆ ಅತ್ತೆ ಗಂಟೆಗಟ್ಟಲೆ ಹೇಳುತ್ತಾರೆ. ಆ ಮೂರು ವರ್ಷದ ಬಗ್ಗೆ ಕೇಳಿದರೆ ಮಾತ್ರ "ತುಂಬಾ ಚಳಿ ಇತ್ತು" ಅಂತ ಹೇಳಿ ಎದ್ದು ಹೋಗುತ್ತಾರೆ. ಗಂಡನೂ ಕೇಳಿಲ್ಲ. "ಸುಮ್ನೆ ಬಿಡು, ಅಮ್ಮನಿಗೆ ಬೇಜಾರಾಗುತ್ತದೆ" ಅನ್ನುತ್ತಾರೆ. ಈಗ ಮಗಳಿಗೆ ಐದನೇ ಕ್ಲಾಸಿನಲ್ಲಿ ಮನೆತನದ ಕತೆ ಬರೆಯಲು ಹೇಳಿದ್ದಾರೆ. ನನ್ನ ಕಡೆಯದು ನಾಲ್ಕು ಪುಟ, ಅಪ್ಪನ ಕಡೆಯದು ಒಂದು ಸಾಲು.

ಕೇಳಬೇಕಾ, ಬಿಡಬೇಕಾ? ಇನ್ನೊಂದು, ಮಕ್ಕಳನ್ನು ಶನಿವಾರದ ಜಪಾನಿ ಶಾಲೆಗೆ ಹಾಕೋಣ ಅಂತಿದ್ದೇನೆ. ಗಂಡನಿಗೇ ಜಪಾನಿ ಬರುವುದಿಲ್ಲ. ಹಾಕಿದರೆ ಏನಾದರೂ ಪ್ರಯೋಜನ ಇದೆಯಾ?

ಟೋಕಿಯೋ_ಕನ್ನಡಿಗ
ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಭಾಷೆ ಹೋದ ಮೇಲೆ ಉಳಿಯುವುದು ಬರೀ ಊಟ ಮತ್ತು ಬಟ್ಟೆ. ನಾನು ಟೋಕಿಯೋದ ನಿಶಿಕಸಾಯಿಯಲ್ಲಿದ್ದೇನೆ. ಇಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೇ 80 ಕಾಂಜಿ (ಚಿತ್ರದಂಥ ಅಕ್ಷರ) ಕಲಿಸುತ್ತಾರೆ, ಆರನೇ ಕ್ಲಾಸು ಮುಗಿಯುವಷ್ಟರಲ್ಲಿ 1,026. ವಾರಕ್ಕೊಂದು ದಿನದ ಶಾಲೆಯಲ್ಲಿ ಅಷ್ಟು ಬರುವುದಿಲ್ಲ, ನಿಜ. ಆದರೂ ಹಾಕಿ. ರಜೆಯಲ್ಲಿ ಮಕ್ಕಳನ್ನು ಕುಮಾಮೊಟೊಗೆ ಕರೆದುಕೊಂಡು ಬನ್ನಿ. ಜಪಾನ್ ನೋಡದೆ ಜಪಾನಿ ಪರಂಪರೆ ಎಲ್ಲಿಂದ ಬರಬೇಕು?

ರಾಗಿಮುದ್ದೆ
ಒಂದು ನಿಮಿಷ. ಅಮೆರಿಕದಲ್ಲೇ ಹುಟ್ಟಿದ ಆರು ವರ್ಷದ ಹುಡುಗಿಯನ್ನು ಶಿಬಿರಕ್ಕೆ ಯಾಕೆ ಹಾಕಿದರು? ಅದು ಯುದ್ಧಕೈದಿಗಳಿಗೆ ಅಲ್ವಾ?

ಭಟ್ರು_ಫ್ರೀಮಾಂಟ್
ಯುದ್ಧಕೈದಿಗಳಿಗೆ ಅಲ್ಲ, ಅದೇ ವಿಷಯ. 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಅದರ ಮೇಲೆ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದವರನ್ನೆಲ್ಲ ಎಬ್ಬಿಸಿಕೊಂಡು ಹೋದರು. ಸುಮಾರು 1,20,000 ಜನ, ಅದರಲ್ಲಿ ಮೂರನೇ ಎರಡು ಪಾಲು ಅಮೆರಿಕದ ಪ್ರಜೆಗಳು. ಕೈಯಲ್ಲಿ ಹಿಡಿಯುವಷ್ಟು ಸಾಮಾನು ಮಾತ್ರ. ಅಂಗಡಿ, ತೋಟ, ಟ್ರ್ಯಾಕ್ಟರ್ ಎಲ್ಲ ಸಿಕ್ಕಿದ ಬೆಲೆಗೆ ಮಾರಿ ಹೊರಟರು. ನಮ್ಮ ಸ್ಯಾನ್ ಹೊಸೆ ಕಡೆಯವರನ್ನು ಮೊದಲು ಲಾಸ್ ಏಂಜಲೀಸ್ ಹತ್ತಿರದ ಸಾಂಟಾ ಅನಿಟಾ ರೇಸ್‌ಕೋರ್ಸಿನಲ್ಲಿ ಇಟ್ಟರು. ಕೆಲವರಿಗೆ ಸಿಕ್ಕಿದ್ದು ಕುದುರೆ ಲಾಯ. ಆಮೇಲೆ ರೈಲಿನಲ್ಲಿ ವಯೋಮಿಂಗ್. ಟಾರ್ ಹಾಳೆ ಹೊಡೆದ ಮರದ ಷೆಡ್ಡು, ಒಂದು ಸಂಸಾರಕ್ಕೆ ಒಂದು ರೂಮು, ಸುತ್ತ ಮುಳ್ಳುತಂತಿ, ಕಾವಲು ಗೋಪುರ. ಇಂಥ ದೊಡ್ಡ ಶಿಬಿರಗಳು 10 ಇದ್ದವು. ಹಾರ್ಟ್ ಮೌಂಟನ್ ಒಂದರಲ್ಲೇ 10,000ಕ್ಕೂ ಜಾಸ್ತಿ ಜನ.

ನೀವು ಬೆಂಗಳೂರಿಗೆ ಹೋಗಲು ಸ್ಯಾನ್ ಹೊಸೆ ವಿಮಾನ ನಿಲ್ದಾಣಕ್ಕೆ ಹೋಗಿದ್ದೀರಲ್ಲ, ಅದರ ಹೆಸರು ನಾರ್ಮನ್ ಮಿನೆಟಾ. ಅವರೂ ಸ್ಯಾನ್ ಹೊಸೆಯ ಹುಡುಗ. ಹತ್ತು ವರ್ಷದವರಿದ್ದಾಗ ಅದೇ ಹಾರ್ಟ್ ಮೌಂಟನ್‌ಗೆ ಹೋದರು. ಹೊರಡುವಾಗ ಕೈಯಲ್ಲಿದ್ದ ಬೇಸ್‌ಬಾಲ್ ಬ್ಯಾಟನ್ನು ಆಯುಧ ಅಂತ ಸೈನಿಕರು ಕಸಿದುಕೊಂಡರಂತೆ. 1971ರಲ್ಲಿ ಇದೇ ಊರಿಗೆ ಮೇಯರ್ ಆದರು.

ಧಾರವಾಡ_ಪೇಡೆ
ಆ ನಿಲ್ದಾಣದಲ್ಲಿ ಇಳಿದು ಹತ್ತಿ ಸಾಕಾಗಿದೆ ರೀ. ಮಿನೆಟಾ ಅಂದರೆ ಯಾರೋ ಇಟಲಿಯವರು ಅಂದುಕೊಂಡಿದ್ದೆ.

ನೇರನುಡಿ
ಯುದ್ಧ ಅಂದ ಮೇಲೆ ಎಲ್ಲ ದೇಶಗಳೂ ಅನುಮಾನ ಪಡುತ್ತವೆ. ಆಗಿನ ಕಾಲಕ್ಕೆ ಅದು ಸರಿ ಅನಿಸಿರಬಹುದು. 80 ವರ್ಷದ ಹಿಂದಿನದನ್ನು ಮಕ್ಕಳ ತಲೆಗೆ ತುಂಬಿ ಏನು ಸಾಧಿಸಬೇಕು?

ಹಳೇ_ಕಡತ
ಅನುಮಾನ ಅಂದಿರಲ್ಲ, ಹವಾಯಿ ನೋಡಿ. ಪರ್ಲ್ ಹಾರ್ಬರ್ ಇರುವುದೇ ಅಲ್ಲಿ. ಜನಸಂಖ್ಯೆಯಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಜಪಾನಿ ಮೂಲದವರು. ಅಲ್ಲಿ ಎಲ್ಲರನ್ನೂ ಎಬ್ಬಿಸಲಿಲ್ಲ. ಎಬ್ಬಿಸಿದ್ದರೆ ತೋಟಗಳು, ಬಂದರು ಎಲ್ಲ ನಿಂತುಹೋಗುತ್ತಿದ್ದವು. ಅಪಾಯ ನಿಜ ಆಗಿದ್ದರೆ ಮೊದಲು ಅಲ್ಲೇ ಆಗಬೇಕಿತ್ತು ಅಲ್ವಾ? ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಜಪಾನಿನಿಂದ ಬಂದವರು ಜಮೀನು ಕೊಳ್ಳದ ಹಾಗೆ ಕಾನೂನು ಇತ್ತು. ಯುದ್ಧ ಒಂದು ನೆಪ ಆಯಿತು. 1980ರ ದಶಕದಲ್ಲಿ ಅಮೆರಿಕ ಸಂಸತ್ತೇ ನೇಮಿಸಿದ ಆಯೋಗ ಇದನ್ನೇ ಹೇಳಿತು: ಜನಾಂಗ ದ್ವೇಷ, ಯುದ್ಧದ ಉನ್ಮಾದ, ನಾಯಕರ ವೈಫಲ್ಯ. 1988ರಲ್ಲಿ ಕಾನೂನು ಮಾಡಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಮತ್ತು ಕ್ಷಮಾಪಣೆ ಪತ್ರ ಕೊಟ್ಟರು. ತಪ್ಪು ಮಾಡಿದ ಸರ್ಕಾರವೇ ಒಪ್ಪಿಕೊಂಡಿದೆ. ನೀವು ಯಾಕೆ ವಕಾಲತ್ತು ವಹಿಸುತ್ತೀರಿ?

ನೇರನುಡಿ
ವಕಾಲತ್ತು ಅಲ್ಲ. ಹವಾಯಿ ವಿಷಯ ಗೊತ್ತಿರಲಿಲ್ಲ. ಮಕ್ಕಳ ಪ್ರಶ್ನೆ ಹಾಗೇ ಇದೆ.

ಸರಸ್ವತಿಪುರಂ_ಹುಡುಗಿ
ಆ ಕ್ಷಮಾಪಣೆ ಪತ್ರ ಅತ್ತೆ ಹತ್ತಿರ ಇದೆ. ಬೀರುವಿನಲ್ಲಿ ಬ್ಯಾಂಕ್ ಕಾಗದಗಳ ಅಡಿಯಲ್ಲಿ. ಬಿಸಾಡಿಲ್ಲ, ಚೌಕಟ್ಟೂ ಹಾಕಿಸಿಲ್ಲ.

@ಟೋಕಿಯೋ_ಕನ್ನಡಿಗ ಅವರೇ, ನಿಮ್ಮ ಮಾತು ಒಪ್ಪಲು ಕಷ್ಟ. ನಮ್ಮನೆಯವರು ಜಪಾನ್ ನೋಡಿದ್ದು ಒಂದು ಸಲ, ಪ್ರವಾಸಿಗರ ಹಾಗೆ. ಅಲ್ಲಿ ಎಲ್ಲರೂ ಅವರ ಮುಖ ನೋಡಿ ಜಪಾನಿಯಲ್ಲಿ ಮಾತಾಡಿಸುತ್ತಿದ್ದರು, ನನ್ನ ಮುಖ ನೋಡಿ ಇಂಗ್ಲಿಷಿನಲ್ಲಿ. ಇಬ್ಬರಲ್ಲಿ ನಾಲ್ಕು ಜಪಾನಿ ಮಾತು ಬರುತ್ತಿದ್ದದ್ದು ನನಗೆ! ಅವರ ಮನೆತನದ ಕತೆ ಇರುವುದು ಸಾಂಟಾ ಕ್ಲಾರಾ ಕಣಿವೆಯ ತೋಟಗಳಲ್ಲಿ, ಟೋಕಿಯೋದಲ್ಲಿ ಅಲ್ಲ.

ಟೋಕಿಯೋ_ಕನ್ನಡಿಗ
ಹಾಗಾದರೆ ಅದು ಅಮೆರಿಕದ ಕತೆ. ಜಪಾನಿ ಪರಂಪರೆ ಅಂತ ಯಾಕೆ ಕರೆಯಬೇಕು?

ಭಟ್ರು_ಫ್ರೀಮಾಂಟ್
ನಮ್ಮ ಮಂಡ್ಯದ ಹೆಬ್ಬಾರರು ಮನೆಯಲ್ಲಿ ತಮಿಳು ಆಡುತ್ತಾರೆ. ಚೆನ್ನೈಯವರಿಗೆ ಅದು ಅರ್ಧ ಅರ್ಥ ಆಗುವುದಿಲ್ಲ. ಹಾಗಂತ ಅವರ ಪರಂಪರೆ ಸುಳ್ಳಾ? ವಲಸೆ ಹೋದವರದ್ದೇ ಒಂದು ಲೋಕ ಬೆಳೆಯುತ್ತದೆ ಸ್ವಾಮಿ. ಬ್ರೆಜಿಲ್‌ಗೆ 1908ರಲ್ಲಿ ಕಾಸಾತೊ ಮಾರು ಹಡಗಿನಲ್ಲಿ ಮೊದಲ ಜಪಾನಿಗಳು ಹೋದರು, ಕಾಫಿ ತೋಟಕ್ಕೆ. ಇವತ್ತು ಜಪಾನಿನ ಹೊರಗೆ ಜಪಾನಿ ಮೂಲದವರು ಅತಿ ಹೆಚ್ಚು ಇರುವುದು ಅಲ್ಲಿ. ಅವರಲ್ಲಿ ತುಂಬಾ ಜನ ಮಾತಾಡುವುದು ಪೋರ್ಚುಗೀಸ್. ಅವರಿಗೆಲ್ಲ ನೀವು ಪರೀಕ್ಷೆ ಇಡುತ್ತೀರಾ?

ಜೆಪಿನಗರ_ಒತೋಸಾನ್
ನಮ್ಮನೆಯಲ್ಲಿ ಇದು ಉಲ್ಟಾ. ಹೆಂಡತಿ ಜಪಾನಿನವಳು, ನಾಗೋಯಾ ಹತ್ತಿರದವಳು. ಮಕ್ಕಳು ಹುಟ್ಟಿದ್ದು ಬೆಂಗಳೂರಿನಲ್ಲಿ. ಅವಳ ಪಾಲಿಗೆ ಇದೇ ಪರದೇಶ.

ಮೊದಲು ಕಾಗದದ ವಿಷಯ, ಬೇರೆಯವರಿಗೆ ಉಪಯೋಗ ಆಗಬಹುದು. ಹೊರದೇಶದಲ್ಲಿ ಹುಟ್ಟಿ ಎರಡು ಪೌರತ್ವ ಬರುವ ಮಗುವಿನ ಜನನವನ್ನು ಮೂರು ತಿಂಗಳೊಳಗೆ ಜಪಾನಿನ ಕಚೇರಿಯಲ್ಲಿ ನೋಂದಾಯಿಸಬೇಕು. ಪೌರತ್ವ ಉಳಿಸಿಕೊಳ್ಳುತ್ತೇವೆ ಅಂತ ಅದೇ ಅರ್ಜಿಯಲ್ಲಿ ಬರೆಯಬೇಕು. ಮರೆತರೆ ಮಗುವಿನ ಜಪಾನಿ ಪೌರತ್ವ ಹುಟ್ಟಿನಿಂದಲೇ ಇಲ್ಲ ಅಂತ ಆಗುತ್ತದೆ. ಬಾಣಂತನದ ಗಡಿಬಿಡಿಯಲ್ಲಿ ಮೂರು ತಿಂಗಳು ಹೋಗುವುದೇ ಗೊತ್ತಾಗುವುದಿಲ್ಲ. ನಂತರ 22ನೇ ವಯಸ್ಸಿಗೆ ಒಂದನ್ನು ಆರಿಸಿಕೊಳ್ಳಬೇಕು. ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲ, ಅದು ಬೇರೆ ತಲೆನೋವು.

ಶಾಲೆ ಬಗ್ಗೆ: ಜಪಾನಿ ಪೌರತ್ವದ ಮಕ್ಕಳಿಗೆ ಹೊರದೇಶದಲ್ಲೂ ಅವರ ಸರ್ಕಾರ ಪಠ್ಯಪುಸ್ತಕ ಪುಕ್ಕಟೆ ಕೊಡುತ್ತದೆ. ಕಾನ್ಸುಲೇಟ್ ಮೂಲಕ ಬರುತ್ತದೆ. ನಮ್ಮ ದೊಡ್ಡವನು ವಾರವೆಲ್ಲ ಇಲ್ಲಿನ ಶಾಲೆ, ಶನಿವಾರ ಜಪಾನಿ. ಶುಕ್ರವಾರ ರಾತ್ರಿ ಹೋಂವರ್ಕ್‌ಗೆ ಕೂತರೆ ಮನೆಯಲ್ಲಿ ಯುದ್ಧ. ಕಾಂಜಿಯ ಒಂದು ಗೀಟು ಹಿಂದೆ ಮುಂದೆ ಆದರೂ ನನ್ನ ಹೆಂಡತಿ ಅಳಿಸಿ ಮತ್ತೆ ಬರೆಸುತ್ತಾಳೆ. ಗೀಟಿನ ಕ್ರಮ ತಪ್ಪಬಾರದಂತೆ. ಅವಳ ಅಪ್ಪ ಅಮ್ಮನ ಜೊತೆ ಮಕ್ಕಳು ಫೋನಿನಲ್ಲಿ ಮಾತಾಡಬೇಕು, ಅದಕ್ಕೆ ಇಷ್ಟು ಒದ್ದಾಟ. ಆ ಕಡೆ ಮಾತಾಡುವವರು ಇದ್ದಾರೆ, ಹಾಗಾಗಿ ನಡೆಯುತ್ತಿದೆ. ನಿಮ್ಮ ಮನೆಯಲ್ಲಿ ಮಕ್ಕಳು ಜಪಾನಿ ಕಲಿತರೆ ಯಾರ ಜೊತೆ ಮಾತಾಡಬೇಕು? ಅದನ್ನು ಮೊದಲು ಯೋಚನೆ ಮಾಡಿ.

ಕಲಿಸದೆಯೂ ಬಂದದ್ದು ಒಂದಿದೆ. ಮಾರ್ಚ್ 3ಕ್ಕೆ ಹಿನಾಮತ್ಸುರಿ, ಹೆಣ್ಣುಮಕ್ಕಳ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲು, ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿ, ಕೆಳಗೆ ಮೂರು ಸಖಿಯರು, ಅದರ ಕೆಳಗೆ ಐದು ಜನ ವಾದ್ಯದವರು. ನಮ್ಮಮ್ಮ ಮೊದಲ ಸಲ ನೋಡಿ, "ಇದೇನೇ, ಆರು ತಿಂಗಳು ಮೊದಲೇ ದಸರಾ ಗೊಂಬೆ ಕೂರಿಸಿದ್ದೀಯಾ?" ಅಂದರು. ಈಗ ಅದೇ ಮೆಟ್ಟಿಲ ಸ್ಟ್ಯಾಂಡು ವರ್ಷಕ್ಕೆ ಎರಡು ಸಲ ಅಟ್ಟದಿಂದ ಇಳಿಯುತ್ತದೆ. ಜಗಳ ಬರುವುದು ಎತ್ತಿಡುವಾಗ. ಹಿನಾ ಗೊಂಬೆಗಳನ್ನು ಹಬ್ಬ ಮುಗಿದ ತಕ್ಷಣ ಎತ್ತಿಡಬೇಕು, ಇಲ್ಲದಿದ್ದರೆ ಮಗಳ ಮದುವೆ ತಡ ಆಗುತ್ತದೆ ಅಂತ ಹೆಂಡತಿ. ತಡ ಆದರೆ ಆಗಲಿ, ಇನ್ನೆರಡು ದಿನ ನೋಡೋಣ ಅಂತ ಅಮ್ಮ!

ಅಕ್ಕಿಹೆಬ್ಬಾಳು
ನಿಮ್ಮಮ್ಮನಿಗೆ ನನ್ನ ಓಟು.

ಟೋಕಿಯೋ_ಕನ್ನಡಿಗ
@ಜೆಪಿನಗರ_ಒತೋಸಾನ್ ಒಂದು ತಿದ್ದುಪಡಿ. 22 ಹಳೆಯ ಲೆಕ್ಕ. ಜಪಾನಿನಲ್ಲಿ ವಯಸ್ಕರಾಗುವ ವಯಸ್ಸನ್ನು 2022ರ ಏಪ್ರಿಲ್‌ನಿಂದ 18ಕ್ಕೆ ಇಳಿಸಿದ ಮೇಲೆ, ಹುಟ್ಟಿನಿಂದ ಎರಡು ಪೌರತ್ವ ಇರುವವರು 20 ತುಂಬುವುದರೊಳಗೆ ಆರಿಸಿಕೊಳ್ಳಬೇಕು.

ಜೆಪಿನಗರ_ಒತೋಸಾನ್
ಸರಿ, ಥ್ಯಾಂಕ್ಸ್. ಎರಡು ವರ್ಷದ ನೆಮ್ಮದಿ ಹೋಯಿತು.

ಗಾಂಧಿಬಜಾರ್_ಗಿರಾಕಿ
ಬೆಂಗಳೂರಿನಲ್ಲಿ ಜಪಾನಿಗಳು ಅಂದರೆ ಎಲ್ಲರೂ ಬಿಡದಿಯ ಕಾರ್ ಫ್ಯಾಕ್ಟರಿ ಅಂದುಕೊಳ್ಳುತ್ತಾರೆ. ಅದಕ್ಕಿಂತ ನೂರು ವರ್ಷ ಮೊದಲೇ ಇದ್ದರು. ಬಸವನಗುಡಿ ಪಕ್ಕ ಟಾಟಾ ಸಿಲ್ಕ್ ಫಾರಂ ಇದೆಯಲ್ಲ, ಅಲ್ಲಿ 1890ರ ದಶಕದಲ್ಲಿ ಜೆಮ್‌ಶೆಟ್‌ಜಿ ಟಾಟಾ ರೇಷ್ಮೆ ತೋಟ ಮಾಡಿದರು. ಹುಳು ಸಾಕುವುದನ್ನು ಕಲಿಸಲು ಜಪಾನಿನಿಂದ ಗಂಡ ಹೆಂಡತಿಯನ್ನು ಕರೆಸಿದ್ದರು. ಬಸ್‌ಸ್ಟಾಪಿನ ಹೆಸರಷ್ಟೇ ಈಗ ಉಳಿದಿದೆ.

ಧಾರವಾಡ_ಪೇಡೆ
ವಿಶ್ವೇಶ್ವರಯ್ಯನವರೂ 1898ರಲ್ಲಿ ಜಪಾನಿಗೆ ಹೋಗಿ ಬಂದಿದ್ದರು.

ರಾಗಿಮುದ್ದೆ
ಅಕ್ಕ ಕೇಳಿದ್ದು ಅತ್ತೆ ವಿಷಯ. ನೀವೆಲ್ಲ ಬಸ್‌ಸ್ಟಾಪ್ ತನಕ ಹೋದಿರಿ.

ವ್ಯಾಂಕೂವರ್_ಮಳೆ
ಅತ್ತೆ ವಿಷಯಕ್ಕೆ ಬರುತ್ತೇನೆ. ನಾನು ಇಲ್ಲಿ ವೃದ್ಧಾಶ್ರಮದಲ್ಲಿ ನರ್ಸ್. ಕೆನಡಾದಲ್ಲೂ ಇದೇ ನಡೆಯಿತು. ಸುಮಾರು 22,000 ಜನರನ್ನು ಕರಾವಳಿಯಿಂದ ಓಡಿಸಿದರು. ಅವರ ದೋಣಿ, ಮನೆ, ಜಮೀನು ಎಲ್ಲವನ್ನೂ ಸರ್ಕಾರವೇ ಅವರನ್ನು ಕೇಳದೆ ಮಾರಿತು. ಯುದ್ಧ ಮುಗಿದ ಮೇಲೂ 1949ರವರೆಗೆ ವಾಪಸು ಬರಲು ಬಿಡಲಿಲ್ಲ. ಇಲ್ಲಿನ ಸರ್ಕಾರ ಕ್ಷಮೆ ಕೇಳಿದ್ದೂ 1988ರಲ್ಲೇ.

ನಾನು ನೋಡಿಕೊಂಡ ಅಜ್ಜಿಯರಲ್ಲಿ ಯಾರೂ "ನಿಮಗೆ ಹೇಗನಿಸಿತು" ಅಂದರೆ ಬಾಯಿ ಬಿಡಲಿಲ್ಲ. ಅವರ ಅಪ್ಪ ಅಮ್ಮ ಹಾಗೆ ಬೆಳೆಸಿದ್ದರು. ಆದದ್ದು ಆಯಿತು, ಮಕ್ಕಳ ಮುಂದೆ ಗೋಳಾಡಬಾರದು, ಒಳ್ಳೆಯ ಅಮೆರಿಕನ್ನರು ಅಥವಾ ಕೆನಡಿಯನ್ನರು ಅನ್ನಿಸಿಕೊಳ್ಳಬೇಕು ಅಂತ. ತುಂಬಾ ಮನೆಗಳಲ್ಲಿ ಮಕ್ಕಳಿಗೆ ಜಪಾನಿ ಭಾಷೆಯನ್ನು ಬೇಕೆಂದೇ ಕಲಿಸಲಿಲ್ಲ. ನಿಮ್ಮ ಗಂಡನಿಗೆ ಭಾಷೆ ಬರದಿರುವುದೂ ಆ ಶಿಬಿರದ ಕತೆಯ ಒಂದು ಭಾಗವೇ ಇರಬಹುದು. ಟೋಕಿಯೋ ಅಣ್ಣ, ಇದನ್ನು ಗಮನಿಸಿ.

ಸಣ್ಣ ಸಣ್ಣದು ಕೇಳಿ. ಊಟಕ್ಕೆ ಎಲ್ಲಿ ಕೂರುತ್ತಿದ್ದರು? ಅಪ್ಪ ಅಮ್ಮನ ಜೊತೆಯೋ, ಗೆಳತಿಯರ ಜೊತೆಯೋ? ಶಿಬಿರಗಳಲ್ಲಿ ಊಟ ಎಲ್ಲರದೂ ದೊಡ್ಡ ಹಾಲಿನಲ್ಲಿ, ಮಕ್ಕಳೆಲ್ಲ ಮಕ್ಕಳ ಜೊತೆ ಕೂತು ಮನೆಯ ಊಟ ಅನ್ನುವುದೇ ಮುರಿದುಹೋಯಿತು. ಆ ಬೇಜಾರನ್ನು ನನ್ನ ಹತ್ತಿರ ಹೇಳಿಕೊಂಡವರಿದ್ದಾರೆ. ಮುಳ್ಳುತಂತಿ ಬಗ್ಗೆ ಒಂದು ಮಾತೂ ಆಡದವರು ಸಾರಿನಲ್ಲಿ ಏನು ಹಾಕುತ್ತಿದ್ದರು ಅನ್ನುವುದನ್ನು ಅರ್ಧ ಗಂಟೆ ಹೇಳುತ್ತಾರೆ. ಸಾಕು, ಅಲ್ಲಿಂದ ಶುರು ಮಾಡಿ.

ನೇರನುಡಿ
ಇದು ಒಳ್ಳೆಯ ಸಲಹೆ. ಒಪ್ಪಿದೆ.

ಹಳೇ_ಕಡತ
ಕೇಳುವ ಮೊದಲು ದಾಖಲೆ ತೆಗೆಯಿರಿ. ನಾನು ಲೈಬ್ರರಿಯಲ್ಲಿ ಕೆಲಸ ಮಾಡುವವನು, ಅದಕ್ಕೇ ಹೇಳುತ್ತಿದ್ದೇನೆ. ಶಿಬಿರಕ್ಕೆ ಹೋದ ಒಬ್ಬೊಬ್ಬರ ಬಗ್ಗೆಯೂ ಸರ್ಕಾರ ಒಂದು ಫಾರಂ ತುಂಬಿಸಿತ್ತು. ಹುಟ್ಟಿದ ವರ್ಷ, ಕಸುಬು, ಓದು, ಧರ್ಮ, ಯಾವ ಭಾಷೆ ಬರುತ್ತದೆ, ತಂದೆ ತಾಯಿ ಎಲ್ಲಿಯವರು, ಎಲ್ಲ ಅದರಲ್ಲಿದೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಆ ಸಂಸಾರದ ಕಡತವನ್ನೂ ಅರ್ಜಿ ಹಾಕಿ ತರಿಸಿಕೊಳ್ಳಬಹುದು. ಪ್ರತಿ ಸಂಸಾರಕ್ಕೆ ಒಂದು ನಂಬರ್ ಕೊಟ್ಟು, ಅದೇ ನಂಬರಿನ ಚೀಟಿಯನ್ನು ಕೋಟಿಗೂ ಪೆಟ್ಟಿಗೆಗೂ ಕಟ್ಟಿದ್ದರು. ಆ ನಂಬರ್ ಗೊತ್ತಾದರೆ ಹುಡುಕುವುದು ಸುಲಭ.

ಇನ್ನೊಂದು, ಲಾಸ್ ಏಂಜಲೀಸ್‌ನ ಜಪಾನೀಸ್ ಅಮೆರಿಕನ್ ಮ್ಯೂಸಿಯಂನವರು ಇರೆಯಿಚೊ ಅನ್ನುವ ದೊಡ್ಡ ಪುಸ್ತಕ ಜನರ ಮುಂದೆ ಇಟ್ಟರು. ಬಂಧನದಲ್ಲಿದ್ದವರ 1,25,284 ಹೆಸರು ಅದರಲ್ಲಿದೆ. ಮನೆಯವರು ಬಂದು ತಮ್ಮವರ ಹೆಸರಿನ ಕೆಳಗೆ ಸಣ್ಣ ನೀಲಿ ಮುದ್ರೆ ಒತ್ತುತ್ತಿದ್ದರು.

ಟೋಕಿಯೋ_ಕನ್ನಡಿಗ
ವ್ಯಾಂಕೂವರ್ ಅಕ್ಕ ಹೇಳಿದ್ದು ನಾನು ಯೋಚಿಸಿರಲಿಲ್ಲ, ಸರಿ. ನನ್ನ ಕಡೆಯಿಂದಲೂ ಒಂದು ಉಪಕಾರ. ಜಪಾನಿನ ಮನೆತನದ ರಿಜಿಸ್ಟರ್ ಕೊಸೆಕಿ. ನೇರ ವಂಶದವರು ಹಳೆಯ ಪ್ರತಿ ಕೇಳಿ ಪಡೆಯಬಹುದು. ಅಜ್ಜನ ಮೂಲ ಊರಿನ ವಿಳಾಸ ಬೇಕು, ವಂಶ ತೋರಿಸುವ ಕಾಗದ ಬೇಕು. ಊರಿನ ಆಫೀಸಿಗೆ ಜಪಾನಿಯಲ್ಲಿ ಪತ್ರ ಬರೆಯಬೇಕು, ಅದನ್ನು ನಾನು ಬರೆದುಕೊಡುತ್ತೇನೆ.

ಹಾಗೇ ಓಬೋನ್ ಮಾಡಿ. ನಮ್ಮ ಪಿತೃಪಕ್ಷದ ಹಾಗೆ ಹಿರಿಯರು ಮನೆಗೆ ಬರುವ ದಿನಗಳು. ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ, ಬದನೆಕಾಯಿಗೆ ಚುಚ್ಚಿ ಹಸು. ಬರುವಾಗ ಬೇಗ ಬರಲಿ ಅಂತ ಕುದುರೆ, ಹೋಗುವಾಗ ನಿಧಾನ ಹೋಗಲಿ ಅಂತ ಹಸು. ಮಕ್ಕಳಿಗೆ ತುಂಬಾ ಇಷ್ಟ ಆಗುತ್ತದೆ.

ಭಟ್ರು_ಫ್ರೀಮಾಂಟ್
ಎಲ್ಲರ ಮನೆಯಲ್ಲೂ ಅದಿಲ್ಲ. ಅಮೆರಿಕದ ಜಪಾನಿ ದೇವಸ್ಥಾನಗಳು ಹೆಚ್ಚಿನವು ಜೋಡೊ ಶಿನ್‌ಶೂ ಪಂಥದವು. ಸತ್ತವರು ಆಗಲೇ ಅಮಿದ ಬುದ್ಧನ ಶುದ್ಧಲೋಕ ಸೇರಿರುತ್ತಾರೆ, ವಾಪಸು ಬರುವ ಪ್ರಶ್ನೆಯೇ ಇಲ್ಲ ಅಂತ ಅವರ ನಂಬಿಕೆ. ಹಾಗಾಗಿ ಕುದುರೆಯೂ ಇಲ್ಲ, ಹಸುವೂ ಇಲ್ಲ. ಹಿರಿಯರನ್ನು ನೆನೆದು ಸಂತೋಷದಿಂದ ಕುಣಿಯುವುದು ಅಷ್ಟೇ. ಸ್ಯಾನ್ ಹೊಸೆಯ ಜಪಾನ್‌ಟೌನ್‌ನಲ್ಲಿ ಜುಲೈನಲ್ಲಿ ರಸ್ತೆ ಬಂದ್ ಮಾಡಿ ನೂರಾರು ಜನ ಸಾಲಾಗಿ ಕುಣಿಯುತ್ತಾರೆ. ಯಾರು ಬೇಕಾದರೂ ಸೇರಬಹುದು. ನಾನೇ ಹೋಗಿದ್ದೇನೆ, ಕೈ ಕಾಲು ಹೊಂದಲಿಲ್ಲ.

ಅಕ್ಕಿಹೆಬ್ಬಾಳು
ಭಟ್ಟರು ಕುಣಿದ ವಿಡಿಯೋ ಇದ್ದರೆ ಹಾಕಿ.

ಸರಸ್ವತಿಪುರಂ_ಹುಡುಗಿ
ಹೊಸ ಸುದ್ದಿ ಇದೆ. ಎಲ್ಲರ ಮಾತೂ ಓದಿ ನಮ್ಮನೆಯವರಿಗೆ ತೋರಿಸಿದೆ. ಅವರೇ ಕೂತು ಪತ್ರಾಗಾರದ ದಾಖಲೆ ಹುಡುಕಿದರು. ಅಜ್ಜನ ಹೆಸರು ಸಿಕ್ಕಿತು. ಪ್ರಿಂಟ್ ತೆಗೆದು ಭಾನುವಾರ ಅತ್ತೆ ಮನೆಗೆ ಒಯ್ದೆವು. ನಾನು ಏನೂ ಕೇಳಲಿಲ್ಲ. ಊಟದ ಟೇಬಲ್ ಮೇಲೆ ಉಮೆಬೊಶಿ ಉಪ್ಪಿನಕಾಯಿ ಜಾಡಿ ಪಕ್ಕ ಇಟ್ಟೆ.

ಅತ್ತೆ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಕಸುಬಿನ ಹತ್ತಿರ ಬೆರಳು ನಿಂತಿತು. ತೋಟದ ಕೂಲಿ ಅಂತ ಇತ್ತು. "ತಪ್ಪು" ಅಂದರು. ಅಪ್ಪ ಕೂಲಿ ಆಗಿರಲಿಲ್ಲವಂತೆ. ಯುದ್ಧಕ್ಕೆ ಮೊದಲಿನ ಎರಡು ವರ್ಷ ಗುತ್ತಿಗೆಗೆ ಜಮೀನು ಹಿಡಿದು ಸ್ವಂತ ಬೆಳೆ ತೆಗೆಯುತ್ತಿದ್ದರಂತೆ. ಹೊರಡುವಾಗ ಸ್ಟ್ರಾಬೆರಿ ಕೀಳುವುದಕ್ಕೆ ಬಂದಿತ್ತು, ಪಕ್ಕದವನಿಗೆ ಬಿಟ್ಟು ಬಂದರು. ಪೆನ್ನು ತೆಗೆದುಕೊಂಡು ಆ ಶಬ್ದ ಹೊಡೆದುಹಾಕಿ ಮೇಲೆ ತಿದ್ದಿ ಬರೆದರು. ಆಮೇಲೆ ಓದಿನ ಸಾಲೂ ತಪ್ಪು ಅಂದರು. ಅದೂ ತಿದ್ದಿದರು. ಒಂದೊಂದು ತಪ್ಪು ತಿದ್ದುವಾಗಲೂ ಒಂದೊಂದು ವಿಷಯ ಹೊರಗೆ ಬಂತು. ಅವರ ಅಮ್ಮ ಬಟ್ಟೆ ತುಂಬುವ ಬದಲು ಹೊಲಿಗೆ ಮಿಷನ್ನಿನ ತಲೆ ಭಾಗ ಬಿಚ್ಚಿ ಪೆಟ್ಟಿಗೆಯಲ್ಲಿ ಒಯ್ದದ್ದು ನಮ್ಮನೆಯವರಿಗೂ ಗೊತ್ತಿರಲಿಲ್ಲ. ಗಂಡ ಬಾಯಿ ಬಿಟ್ಟುಕೊಂಡು ಕೂತಿದ್ದರು. ಮಗಳು ಬರೆದುಕೊಂಡಳು.

ಒಂದು ಗಂಟೆ ಆದ ಮೇಲೆ "ಇವತ್ತಿಗೆ ಸಾಕು" ಅಂದರು. ನಾವೂ ಬಿಟ್ಟೆವು.

ವ್ಯಾಂಕೂವರ್_ಮಳೆ
ಅಬ್ಬಾ, ತುಂಬಾ ಖುಷಿ ಆಯಿತು. ಹೇಳಿ ಅಂದರೆ ಹೇಳದವರು ತಪ್ಪು ಕಂಡರೆ ಸುಮ್ಮನಿರುವುದಿಲ್ಲ! ಇದನ್ನು ನಾನೂ ಇಲ್ಲಿ ಪ್ರಯೋಗಿಸುತ್ತೇನೆ.

ರಾಗಿಮುದ್ದೆ
ಮುಂದಿನ ಸಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಕ್ಕ. ಧ್ವನಿ ಉಳಿಯಬೇಕು.

ಹಳೇ_ಕಡತ
ಕೇಳಿ, ಒಪ್ಪಿದರೆ ಮಾತ್ರ ಮಾಡಿ. ಶಾಲೆಗೆ ಕೊಡುವ ಮುಂಚೆಯೂ ಕೇಳಿ. ಮೊಮ್ಮಗಳಿಗೆ ಹೇಳಿದ್ದು ಬೇರೆ, ಕ್ಲಾಸಿನ ಗೋಡೆಗೆ ಅಂಟಿಸುವುದು ಬೇರೆ. ಅತ್ತೆ ತಿದ್ದಿದ ಆ ಹಾಳೆಯನ್ನು ಜೋಪಾನವಾಗಿಡಿ. ಪತ್ರಾಗಾರದಲ್ಲಿರುವುದಕ್ಕಿಂತ ಅದು ಒಳ್ಳೆಯ ದಾಖಲೆ.

ನೇರನುಡಿ
ಶಾಲೆಯವರು ಐದನೇ ಕ್ಲಾಸಿಗೇ ಇಷ್ಟು ದೊಡ್ಡ ವಿಷಯ ಕೊಡುವುದು ಸರಿಯಾ ಅನ್ನುವುದು ನನ್ನ ಪ್ರಶ್ನೆ. ನಿಮ್ಮ ಮಗಳು ಗಟ್ಟಿ ಇದ್ದಾಳೆ, ಸರಿ. ಎಲ್ಲ ಮಕ್ಕಳೂ ಹಾಗಿರುವುದಿಲ್ಲ.

ಸರಸ್ವತಿಪುರಂ_ಹುಡುಗಿ
@ಹಳೇ_ಕಡತ ಕೇಳಿದೆ. ಹೊಲಿಗೆ ಮಿಷನ್ ಕತೆ ಕೊಡಬಹುದಂತೆ, ರೇಸ್‌ಕೋರ್ಸಿನದು ಬೇಡವಂತೆ. ಹಾಗೇ ಮಾಡುತ್ತೇವೆ. ರೆಕಾರ್ಡಿಂಗ್ ಈಗಲೇ ಬೇಡ ಅಂದರು.

@ನೇರನುಡಿ ಅಜ್ಜಿ ಅಲ್ಲಿಗೆ ಹೋದಾಗ ಇವಳಿಗಿಂತ ಚಿಕ್ಕವರು. ಕೇಳಲಾರದಷ್ಟು ಚಿಕ್ಕವಳು ಅಂತ ನಾನು ಹೇಗೆ ಹೇಳಲಿ?

ಶನಿವಾರದ ಶಾಲೆ ಸದ್ಯಕ್ಕೆ ಬೇಡ ಅಂತ ತೀರ್ಮಾನ ಆಯಿತು. ಜುಲೈನಲ್ಲಿ ಓಬೋನ್ ಕುಣಿತಕ್ಕೆ ಹೋಗುತ್ತೇವೆ. ಅದಕ್ಕೆ ಮುಂಚೆ ದೇವಸ್ಥಾನದಲ್ಲಿ ಅಭ್ಯಾಸ ಇರುತ್ತದಂತೆ.

ಟೋಕಿಯೋ_ಕನ್ನಡಿಗ
ಶಾಲೆ ಬೇಡ ಅಂದರೆ ಬೇಡ. ಹಿರಗಾನ ಆದರೂ ಕಲಿಸಿ, 46 ಅಕ್ಷರ ಅಷ್ಟೇ. ಕಾಗುಣಿತ ಕಲಿತ ಮಕ್ಕಳಿಗೆ ಅದೇನು ಮಹಾ. ಕೊಸೆಕಿ ಪತ್ರಕ್ಕೆ ಅಜ್ಜನ ಊರಿನ ವಿಳಾಸ ಕಳಿಸಿ, ಈ ವಾರವೇ ಬರೆದುಬಿಡುತ್ತೇನೆ.

ಸರಸ್ವತಿಪುರಂ_ಹುಡುಗಿ
ವಿಳಾಸ ಅತ್ತೆಯನ್ನೇ ಕೇಳಬೇಕು. ಸುಮ್ನೆ ಕೇಳಿದರೆ ಹೇಳುವುದಿಲ್ಲ. ತಪ್ಪು ವಿಳಾಸ ಒಂದು ಬರೆದು ಮುಂದಿಡುತ್ತೇನೆ.

ಅಕ್ಕಿಹೆಬ್ಬಾಳು
😂 ಭಟ್ಟರ ವಿಡಿಯೋ ಇನ್ನೂ ಬಂದಿಲ್ಲ.